ಇಬ್ಬರು ಕಂಡ ಹಕ್ಕಿ

ವಿಮಲಾ ಅವರೇ, ನಿಮ್ಮ ಎಡಗಣ್ಣು ಹೋದದ್ದು ಗಡಿಯಾರ ಕಾರ್ಖಾನೆಯ ಭೂತಗನ್ನಡಿಯಿಂದಲ್ಲ. ಅದು ಉಳಿಯಬಹುದಾಗಿತ್ತು. ಉಳಿಯದೇ ಹೋದದ್ದಕ್ಕೆ ಹೊಳೆದಂಡೆಯ ಪಾರ್ಕಿನಲ್ಲಿ ನಾನು ಆಡಿದ ಒಂದು ಮಾತು ಕಾರಣ. ಆ ಮಾತು ಸುಳ್ಳೆಂದು ಗೊತ್ತಾದ ಮೇಲೂ, ಆಸ್ಪತ್ರೆಯ ಕಾರಿಡಾರಿನಲ್ಲಿ ನಿಮ್ಮ ಯಜಮಾನರ ಎದುರು ನಿಂತು, ಅದನ್ನೇ ಇನ್ನೊಂದು ಸಲ ಹೇಳಿದೆ.

ನೀವು ಪ್ರತಿ ಯುಗಾದಿಗೂ ಶ್ರೀನಗರದಿಂದ ಕತ್ರಿಗುಪ್ಪೆಯ ನನ್ನ ಮನೆಗೆ ಒಬ್ಬಟ್ಟು ತರುತ್ತೀರಿ. ಮನೆಯಲ್ಲಿ ಯಾರಿದ್ದರೂ ಅವರ ಎದುರು, "ನನ್ನ ಬಲಗಣ್ಣು ಮೇಷ್ಟ್ರು ಉಳಿಸಿಕೊಟ್ಟಿದ್ದು" ಎನ್ನುತ್ತೀರಿ. ನಾನು ತಲೆ ತಗ್ಗಿಸಿ ಕೂರುತ್ತೇನೆ. ಅದನ್ನು ನೀವು ವಿನಯ ಎಂದುಕೊಂಡಿದ್ದೀರಿ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಯಾವುದನ್ನೂ ಸಾಲಿನಲ್ಲಿ ನಿಲ್ಲಿಸದೆ ಹೇಳಿ ಅಭ್ಯಾಸವಿಲ್ಲ. ಈ ವಿಷಯವನ್ನೂ ಹಾಗೆ ನಿಲ್ಲಿಸಬೇಕೆಂದು ಎಷ್ಟೋ ಸಲ ಕೂತಿದ್ದೇನೆ — ಇದು ಮೊದಲು, ಇದು ಆಮೇಲೆ, ಇಲ್ಲಿ ತಪ್ಪಿದೆ ಎಂದು. ನಿಲ್ಲುವುದಿಲ್ಲ. ಒಂದು ಭಾನುವಾರ ಇನ್ನೊಂದರೊಳಗೆ ಸೇರಿಕೊಳ್ಳುತ್ತದೆ. ಯಾವುದನ್ನು ಕಣ್ಣಿನಿಂದ ಕಂಡೆ, ಯಾವುದನ್ನು ಬಾಯಿಂದ ಹೇಳಿ ಹೇಳಿ ಕಂಡಂತೆ ಮಾಡಿಕೊಂಡೆ — ಅದು ಬೇರೆಯಾಗುವುದೇ ಇಲ್ಲ. ಆದರೂ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಗಿರಿನಗರದಲ್ಲಿ ಆಗಿನ್ನೂ ಮನೆಗಿಂತ ಖಾಲಿ ಸೈಟು ಹೆಚ್ಚು. ಅದರ ಇಳಿಜಾರು ದಾಟಿದರೆ ವೃಷಭಾವತಿ. ಹೊಳೆಗೆ ಆಗಲೇ ವಾಸನೆ ಹತ್ತಿತ್ತು. ಹಕ್ಕಿಗಳು ಮಾತ್ರ ಇನ್ನೂ ಬಿಟ್ಟುಹೋಗಿರಲಿಲ್ಲ. ದಂಡೆಯ ಮೇಲೊಂದು ಪಾರ್ಕು. ಪಾರ್ಕು ಎಂದರೆ ಒಂದು ಬೋರ್ಡು, ಎರಡು ಸಿಮೆಂಟು ಬೆಂಚು, ಮುರಿದ ಜಾರುಬಂಡೆ, ಸಾಲು ಹೊಂಗೆ ಮರ. ಯುಗಾದಿಯ ಹೊತ್ತಿಗೆ ಆ ಹೊಂಗೆಗಳು ಹಳೆಯ ಎಲೆಯನ್ನೆಲ್ಲ ಉದುರಿಸಿ ಎಳೆಹಸಿರು ಉಟ್ಟು ನಿಲ್ಲುತ್ತಿದ್ದವು. ಅಲ್ಲಿ ಭಾನುವಾರ ಬೆಳಿಗ್ಗೆ ನಾವು ಏಳೆಂಟು ಜನ ಹಕ್ಕಿ ನೋಡಲು ಸೇರುತ್ತಿದ್ದೆವು.

ಹಾಗೆ ಸೇರಿಸಿದವನೂ ನಾನೇ, ಕಟ್ಟಳೆ ಮಾಡಿದವನೂ ನಾನೇ. ಬಿಳಿ ಬಟ್ಟೆ ಬೇಡ, ಜೋರು ಮಾತು ಬೇಡ, ಹಕ್ಕಿ ಕಂಡರೆ ಬೆರಳು ಮಾಡಿ ಕುಣಿಯುವುದು ಬೇಡ. ಬ್ಯಾಂಕಿನ ಸುಬ್ಬಣ್ಣ — ನಮ್ಮ ಗುಂಪಿನ ನಗೆಗಾರ, ಈಗಿಲ್ಲ — "ಮೇಷ್ಟ್ರು ಬಂದ್ರೆ ಕೊಕ್ಕರೆನೂ ಅಟೆನ್‌ಷನ್‌ನಲ್ಲಿ ನಿಲ್ಲುತ್ತೆ ಕಣ್ರಯ್ಯಾ" ಎನ್ನುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿತ್ತು: ಒಬ್ಬರೇ ಕಂಡ ಹಕ್ಕಿ ಹಕ್ಕಿಯಲ್ಲ. ಇಬ್ಬರು ಕಂಡರೆ ಮಾತ್ರ ಲೆಕ್ಕ. ಇನ್ನೊಬ್ಬರು "ನಾನೂ ಕಂಡೆ" ಎನ್ನದಿದ್ದರೆ ಆ ಹಕ್ಕಿ ಗಾಳಿಗೆ ಹೋಯಿತು. ಹೇಳಿದವರು ಅಂದು ಎಲ್ಲರಿಗೂ ಟೀ ಕೊಡಿಸಬೇಕು. ಹುಡುಗಾಟಕ್ಕೆ ಶುರುವಾದದ್ದು. ಆದರೆ ನನಗೆ ಹುಡುಗಾಟವಾಗಿರಲಿಲ್ಲ. ಯಾರೋ ಒಬ್ಬರು ಕೆಂಬೂತ ಕಂಡು ಹದ್ದು ಎನ್ನುವುದು, ನಾಲ್ಕು ಜನ ಹೌದೆನ್ನುವುದು — ಅಂಥ ಸಡಿಲು ನನಗೆ ಆಗುತ್ತಿರಲಿಲ್ಲ. ನನ್ನ "ಕಂಡೆ" ಎಂಬ ಮಾತಿಗೆ ಗುಂಪಿನಲ್ಲಿ ತೂಕವಿತ್ತು. ಆ ತೂಕ ನನಗೆ ಬಹಳ ಇಷ್ಟವಾಗಿತ್ತು.

ನೀವು ಬಂದದ್ದು ನಿಮ್ಮ ಯಜಮಾನರಾದ ಗೋಪಾಲರಾಯರ ಜೊತೆ. ನೀವಿಬ್ಬರೂ ಶ್ರೀನಗರದಲ್ಲಿ ಮನೆ ಕಟ್ಟಿಸುತ್ತಿದ್ದ ಕಾಲ. ಗೋಪಾಲರಾಯರು ಬೆಂಚಿನ ಮೇಲೆ ಪೇಪರ್ ಬಿಡಿಸಿ ಕೂತರೆ ಏಳುತ್ತಿರಲಿಲ್ಲ. ನೀವು ಮಾತ್ರ ನಮ್ಮ ಹಿಂದೆ ಬರುತ್ತಿದ್ದಿರಿ. ದಪ್ಪ ಗಾಜಿನ ಕನ್ನಡಕ. ಕೆಲಸ ಗಡಿಯಾರದ ಕಾರ್ಖಾನೆಯಲ್ಲಿ, ಬಿಡಿಭಾಗ ಜೋಡಿಸುವುದು — ಎಡಗಣ್ಣಿಗೆ ಸಣ್ಣ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಸಾಸಿವೆಗಿಂತ ಸಣ್ಣ ತಿರುಪು ಹಿಡಿದು. ಮೊದಲ ದಿನ ಹಕ್ಕಿ ನೋಡುವ ಆಸೆ ಯಾಕೆ ಬಂತೆಂದು ಕೇಳಿದೆ.

"ವಾರವೆಲ್ಲ ಮೂಗಿನ ತುದೀಲಿರೋದನ್ನೇ ನೋಡ್ತೀನಿ ಮೇಷ್ಟ್ರೇ. ಒಂದಿನವಾದ್ರೂ ದೂರ ನೋಡೋಣ ಅಂತ."

ನನಗೆ ಆ ಉತ್ತರ ಹಿಡಿಸಿತು. ನೀವು ಬೇಗ ಕಲಿತಿರಿ. ಕಾಜಾಣ, ಪಿಕಳಾರ, ಕಳ್ಳಿಪೀರ — ಒಂದು ಸಲ ತೋರಿಸಿದರೆ ಸಾಕು. ಎಲೆಯ ಮರೆಯ ಕುಟುರ ಹಕ್ಕಿಯನ್ನು, ಹೊಂಗೆಯ ಹಸಿರಿನಲ್ಲಿ ಹಸಿರಾಗಿ ಕೂತಿದ್ದನ್ನು, ನನಗಿಂತ ಮೊದಲೇ ಹಿಡಿದಿರಿ. ಆಗ ಎಲ್ಲರೂ ಚಪ್ಪಾಳೆಯಿಲ್ಲದೆ ನಕ್ಕರು. ನಾನೂ ನಕ್ಕೆ. ಒಳಗೆ ಏನೋ ಮುಳ್ಳಿನಂತೆ ಚುಚ್ಚಿತು.

ಇಲ್ಲಿ ನನ್ನದೊಂದು ಗುಟ್ಟು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅರ್ಥವಾದರೆ ಕ್ಷಮೆ ಸಿಗುತ್ತದೆಂದಲ್ಲ. ಆ ವರ್ಷ ನನ್ನ ದೂರದ ನೋಟ ಮಸುಕಾಗತೊಡಗಿತ್ತು. ಶಾಲೆಯ ಮೈದಾನದ ಆ ತುದಿಯಲ್ಲಿ ಯಾವ ಹುಡುಗ ಸಾಲು ತಪ್ಪಿದ್ದಾನೆಂದು ಕಾಣದೆ ಅಂದಾಜಿನ ಮೇಲೆ ಸೀಟಿ ಊದುತ್ತಿದ್ದೆ. ಗಾಂಧಿಬಜಾರಿನಲ್ಲಿ ಕಣ್ಣು ತೋರಿಸಿ ಕನ್ನಡಕ ಮಾಡಿಸಿದ್ದೆ. ಅದನ್ನು ಬೀರುವಿನಲ್ಲಿ ಬನಿಯನ್ನುಗಳ ಕೆಳಗೆ ಇಟ್ಟಿದ್ದೆ. ಡ್ರಿಲ್ ಮೇಷ್ಟ್ರು ಕನ್ನಡಕ ಹಾಕಿದರೆ ಹುಡುಗರು ಏನೆಂದಾರು, ಪಾರ್ಕಿನಲ್ಲಿ ಸುಬ್ಬಣ್ಣ ಏನೆಂದಾರು — ಇಷ್ಟೇ. ಇಷ್ಟು ಸಣ್ಣದು.

ಆ ಭಾನುವಾರ ಆಕಾಶ ಪೂರ್ತಿ ಬಿಳಿಚಿಕೊಂಡಿತ್ತು. ಬಿಸಿಲೂ ಅಲ್ಲ, ಮೋಡವೂ ಅಲ್ಲ. ಸ್ವಲ್ಪ ಹೊತ್ತಿಗೆ ಮುಂಚೆ ನಾನು ಯಾರನ್ನೋ ಗದರಿದ್ದೆ — ತಂತಿಯ ಮೇಲೆ ಕೂತ ಕಳ್ಳಿಪೀರ ಕಾಣಲಿಲ್ಲವೆಂದದ್ದಕ್ಕೆ, "ಕಣ್ಣು ಮನೇಲಿ ಬಿಟ್ಟು ಬಂದ್ರಾ?" ಎಂದಿದ್ದೆ. ಅದು ಸರಿಯಾಗಿ ನೆನಪಿದೆ. ಆಮೇಲೆ ನೀವು ನಿಂತಿರಿ. ಕತ್ತೆತ್ತಿ ಹೊಳೆಯ ಮೇಲಿನ ಆಕಾಶ ನೋಡಿದಿರಿ.

"ಬಾನಾಡಿ! ನೋಡಿ, ನೋಡಿ, ಎಡಗಡೆ... ಎರಡಿವೆ. ಏನ್ ಸ್ಪೀಡು!"

ಬಾನಾಡಿ ಎಂದರೆ ಎಲ್ಲೂ ಕಾಲೂರದೆ ದಿನವಿಡೀ ಆಕಾಶದಲ್ಲೇ ಸುತ್ತುವ ಸಣ್ಣ ಕಪ್ಪು ಹಕ್ಕಿ. ಕಂಡಿತೆನ್ನುವಷ್ಟರಲ್ಲಿ ಮಾಯ. ಎಲ್ಲರೂ ಕತ್ತೆತ್ತಿದೆವು. ಯಾರಿಗೂ ಕಾಣಲಿಲ್ಲ.

"ವಿಮಲಮ್ಮಾ, ಇವತ್ತು ಟೀ ನಿಮ್ದೇ," ಎಂದರು ಸುಬ್ಬಣ್ಣ. "ಬನ್ನೂ ಇರ್ಲಿ, ಎರಡು ಹಕ್ಕಿಯಲ್ವಾ!"

"ಅಯ್ಯೋ, ಇವೆ ಸುಬ್ಬಣ್ಣನೋರೇ, ಈಗ್ಲೂ ಹಾರ್ತಿವೆ!" ನೀವು ನನ್ನ ಕಡೆ ತಿರುಗಿದಿರಿ. "ಮೇಷ್ಟ್ರೇ, ನೀವು ನೋಡಿದ್ರಲ್ವಾ?"

ನಾನು ನೋಡಿರಲಿಲ್ಲ. ಅಥವಾ — ಇಲ್ಲೇ ನಾನು ಯಾವಾಗಲೂ ಎಡವುವುದು — ಏನೋ ಒಂದು ಸುಳಿದಂತಾಗಿತ್ತೇ? ರೆಪ್ಪೆ ಬಡಿದಷ್ಟು ಹೊತ್ತು? ಆ ಹೊಳೆಯ ಮೇಲೆ ಆ ಕಾಲದಲ್ಲಿ ಬಾನಾಡಿಗಳು ಇರುತ್ತಿದ್ದುದೇನೋ ನಿಜ. ಆದರೆ ಆ ಕ್ಷಣ ನನ್ನ ತಲೆಯಲ್ಲಿದ್ದದ್ದು ಹಕ್ಕಿಯಲ್ಲ, ಬೀರುವಿನಲ್ಲಿದ್ದ ಕನ್ನಡಕ. ಇವರಿಗೆ ಕಾಣುತ್ತಿದೆ, ನನಗೆ ಕಾಣುತ್ತಿಲ್ಲ. ಹಾಗಾದರೆ ನನ್ನ ಕಣ್ಣು ಇಷ್ಟು ಕೆಟ್ಟಿದೆ — ಹೀಗೆಂದುಕೊಂಡೆ. ನಿಮ್ಮ ಕಣ್ಣಿನಲ್ಲಿ ದೋಷವಿರಬಹುದೆಂದು ಹೊಳೆಯಲೇ ಇಲ್ಲ. ದೋಷ ನನ್ನದೆಂದೇ ನಂಬಿದೆ, ಅದನ್ನು ಮುಚ್ಚಬೇಕೆಂದೇ ಬಾಯಿ ತೆರೆದೆ.

"ಹೌದು. ನೋಡಿದೆ," ಎಂದೆ.

ಟೀ ಅಂಗಡಿಯಲ್ಲಿ ಸುಬ್ಬಣ್ಣ ಬಿಡಲಿಲ್ಲ. "ಹೆಂಗಿತ್ತು ಹೇಳಿ ಮೇಷ್ಟ್ರೇ, ನಮಗೂ ಸ್ವಲ್ಪ ತೋರಿಸಿ," ಎಂದರು. ನಾನು ಹೇಳಿದೆ. ಕುಡುಗೋಲಿನಂತೆ ಬಾಗಿದ ರೆಕ್ಕೆ, ತುಂಡು ಬಾಲ, ಸೊಂಟದ ಹತ್ತಿರ ಬಿಳಿ ಪಟ್ಟೆ. ಪುಸ್ತಕದಲ್ಲಿ ಇದ್ದದ್ದನ್ನೇ ಹೇಳಿದೆ. ನೀವು ಗ್ಲಾಸು ಕೆಳಗಿಟ್ಟು, "ಹೂಂ, ಹೂಂ, ಅದೇ!" ಎಂದಿರಿ. ಅಲ್ಲಿಯವರೆಗೆ ನಿಮಗೆ ಕಂಡದ್ದು ಬರೀ ಕಪ್ಪು, ಬರೀ ಓಡಾಟ. ನಿಮ್ಮ ಕಣ್ಣೊಳಗಿನ ಚುಕ್ಕೆಗೆ ರೆಕ್ಕೆ, ಬಾಲ, ಬಿಳಿ ಪಟ್ಟೆ ಕಟ್ಟಿದವನು ನಾನು. ಆಮೇಲೆ ನಾನು ಹೇಳಿದ್ದೇ ನನಗೂ ಕಂಡದ್ದಾಯಿತು. ಇವತ್ತು ಕಣ್ಣು ಮುಚ್ಚಿದರೆ ಆ ಹಕ್ಕಿ ಸ್ಪಷ್ಟವಾಗಿ ಹಾರುತ್ತದೆ. ಅದು ಎಲ್ಲಿಂದ ಬಂತು?

ಮುಂದಿನ ಭಾನುವಾರ ಇನ್ನೂ ಹೆಚ್ಚು ಬಾನಾಡಿಗಳೆಂದಿರಿ. ಸಣ್ಣವು, ಗುಂಪುಗುಂಪಾಗಿ. ಅಂದು ಖುಷಿಯಲ್ಲಿದ್ದಿರಿ.

"ನಾನು ಎಲ್ಲಿ ನೋಡಿದ್ರೆ ಅಲ್ಲಿಗೇ ಬರ್ತವೆ ಮೇಷ್ಟ್ರೇ. ನನ್ನ ಕಂಡ್ರೆ ಸಲಿಗೆ ಜಾಸ್ತಿ ಅವಕ್ಕೆ."

"ಸಲಿಗೆ ಕೊಡಬೇಡಿ, ತಲೆ ಮೇಲೆ ಕೂತಾವು," ಎಂದು ನಾನು ನಗಿಸಿದೆ. ಅಂದೂ ನಾನೇ ಎರಡನೆಯ ಸಾಕ್ಷಿ. ಅಂದು ಏನೂ ಕಂಡಿರಲಿಲ್ಲ — ಇದರಲ್ಲಿ ಅನುಮಾನವಿಲ್ಲ. ಒಮ್ಮೆ ಕಂಡೆನೆಂದವನು ಇನ್ನೊಮ್ಮೆ ಕಾಣಲಿಲ್ಲವೆನ್ನುವುದು ಹೇಗೆ? ವಾಪಸು ಬರುವ ದಾರಿಯಲ್ಲಿ ನೀವು ಇನ್ನೊಂದು ಮಾತು ಹೇಳಿದಿರಿ: ರಾತ್ರಿ ದೀಪ ಆರಿಸಿದರೆ ಕಣ್ಣಿನ ಮೂಲೆಯಲ್ಲಿ ಫೋಟೋ ತೆಗೆದಂತೆ ಬೆಳಕು ಹೊಡೆಯುತ್ತದೆ ಎಂದು. "ಕಾರ್ಖಾನೆ ಕೆಲಸ, ನಿದ್ದೆ ಸಾಲದು. ಬೇಗ ಮಲಗಿ, ಬೇಗ ಏಳಿ," ಎಂದೆ. ನನ್ನ ಹತ್ತಿರ ಎಲ್ಲಕ್ಕೂ ಇದ್ದ ಔಷಧಿ ಅದೊಂದೇ.

ಆ ಮುಂದಿನ ಭಾನುವಾರ ನೀವಿಬ್ಬರೂ ಬರಲಿಲ್ಲ. ಎಡಗಣ್ಣಿಗೆ ಪಕ್ಕದಿಂದ ಕಪ್ಪು ಪರದೆ ಎಳೆದಂತಾಗಿ, ಕಾರ್ಖಾನೆಯಲ್ಲಿ ಕೆಲಸದ ಮೇಜಿನ ಮುಂದೆಯೇ ಕೂಗಿಕೊಂಡಿರೆಂದು ಸುದ್ದಿ ಬಂತು.

ನಾನೂ ಸುಬ್ಬಣ್ಣನೂ ಆಸ್ಪತ್ರೆಗೆ ಬಂದೆವು. ಸುಬ್ಬಣ್ಣ ನಿಮ್ಮ ಪಕ್ಕ ಕೂತು ಏನೋ ಹೇಳಿ ನಗಿಸಲು ನೋಡುತ್ತಿದ್ದರು. ಕಣ್ಣು ಕದಲದಿರಲೆಂದು ಎರಡಕ್ಕೂ ಕಟ್ಟಿದ್ದ ಬಟ್ಟೆಯ ಕೆಳಗೆ ನಿಮ್ಮ ತುಟಿ ಮಾತ್ರ ಅಲುಗುತ್ತಿತ್ತು. ನಾನು ಗೋಪಾಲರಾಯರ ಜೊತೆ ಹೊರಗೆ ಕಾರಿಡಾರಿನಲ್ಲಿದ್ದೆ. ಡಾಕ್ಟರು ಬಂದರು. ವಯಸ್ಸಾದವರು, ಸಮಾಧಾನದ ಮನುಷ್ಯ. ಕಣ್ಣಿನ ಒಳಪರದೆ ಹರಿದು ಕಳಚಿಕೊಂಡಿದೆ, ಆಪರೇಷನ್ ಮಾಡುತ್ತೇವೆ, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ಆಮೇಲೆ ಒಂದು ಮಾತು ಸೇರಿಸಿದರು.

"ಇಂಥವರಿಗೆ ಸಾಮಾನ್ಯವಾಗಿ ಮೊದಲೇ ಕಪ್ಪು ಚುಕ್ಕೆ ಹಾರೋದು ಕಾಣುತ್ತೆ. ಸೊಳ್ಳೆ, ನೊಣ ಅಂತ ಕೈ ಬೀಸ್ತಾ ಇರ್ತಾರೆ. ಆಗಲೇ ಬಂದಿದ್ರೆ ಹರಿದ ಜಾಗ ಬೆಸೆದುಬಿಡ್ತಿದ್ವಿ. ಇವರಿಗೆ ಏನೂ ಕಾಣ್ಲಿಲ್ವಾ?"

ಗೋಪಾಲರಾಯರು ಇಲ್ಲವೆಂದು ತಲೆಯಾಡಿಸಿದರು. ಡಾಕ್ಟರು ಒಳಗೆ ಹೋದರು. ಎಲ್ಲಿ ನೋಡಿದರೆ ಅಲ್ಲಿಗೇ ಬರುವ ಹಕ್ಕಿ. ಮೂಲೆಯ ಬೆಳಕು. ಎಲ್ಲ ಒಟ್ಟಿಗೆ ಬಂದು ನಿಂತವು. ಅಷ್ಟರಲ್ಲಿ ಗೋಪಾಲರಾಯರು ಏನೋ ನೆನಪಾದವರಂತೆ ನನ್ನ ಮುಖ ನೋಡಿದರು.

"ಮೇಷ್ಟ್ರೇ, ಅವಳು ಬಾನಾಡಿ ಬಾನಾಡಿ ಅಂತಿದ್ಲಲ್ಲ... ಅದು ಹಕ್ಕೀನೇ ತಾನೆ? ನೀವೂ ನೋಡಿದ್ರಲ್ಲ?"

ಅಲ್ಲಿ ಯಾವ ಗೊಂದಲವೂ ಇರಲಿಲ್ಲ. ಆಗ ಹೇಳಿದ್ದರೆ ಎಡಗಣ್ಣು ಬರುತ್ತಿರಲಿಲ್ಲ, ಅದೂ ಗೊತ್ತಿತ್ತು. ಆದರೆ ಹೇಳಿದ್ದರೆ ಆ ಚುಕ್ಕೆಗೊಂದು ಹೆಸರು ಸಿಗುತ್ತಿತ್ತು, ಉಳಿದ ಕಣ್ಣಿಗೊಂದು ಕಾವಲು ಸಿಗುತ್ತಿತ್ತು. ಇದನ್ನೆಲ್ಲ ಯೋಚಿಸಲು ಬೇಕಾದಷ್ಟು ಹೊತ್ತು ಅವರು ನನ್ನ ಮುಖ ನೋಡುತ್ತಿದ್ದರು.

"ನೋಡಿದೆ ರಾಯರೇ. ಹಕ್ಕೀನೇ," ಎಂದೆ.

ಅವರು ಉಸಿರು ಬಿಟ್ಟರು. "ಹಾಗಾದ್ರೆ ಆ ಹಾಳು ಭೂತಗನ್ನಡೀನೇ ತಿಂದಿದ್ದು," ಎಂದರು. "ಹೋದ ವರ್ಷವೇ ಕೆಲಸ ಬಿಡ್ತೀನಿ ಅಂದಿದ್ಲು ಮೇಷ್ಟ್ರೇ. ಮನೆ ಮುಗೀಲಿ ಅಂತ ನಾನೇ ಬೇಡ ಅಂದೆ." ಅವರ ಭುಜ ಅಲುಗುತ್ತಿತ್ತು. ನಾನು ಆ ಭುಜದ ಮೇಲೆ ಕೈಯಿಟ್ಟೆ. ವಿಮಲಾ ಅವರೇ, ನಾನು ಜೀವನದಲ್ಲಿ ಮಾಡಿದ ಅತಿ ಕೀಳು ಕೆಲಸ ಯಾವುದೆಂದು ಯಾರಾದರೂ ಕೇಳಿದರೆ, ಸುಳ್ಳು ಹೇಳಿದ್ದು ಎನ್ನುವುದಿಲ್ಲ. ಆ ಕೈಯಿಟ್ಟದ್ದು.

ಅದರ ಮುಂದಿನದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆಪರೇಷನ್ ಆಯಿತು, ಕಣ್ಣು ಬರಲಿಲ್ಲ. ಕಾರ್ಖಾನೆಯವರು ನಿಮ್ಮನ್ನು ಜೋಡಣೆಯ ಮೇಜಿನಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ನಾನು ನೋಡಲು ಬಂದ ದಿನ ನೀವು ಕಾಫಿ ಬಗ್ಗಿಸಿದ್ದು ಲೋಟದ ಪಕ್ಕಕ್ಕೆ ಬಿತ್ತು, ನಕ್ಕು ಒರೆಸಿದಿರಿ. "ಒಂದೇ ಕಣ್ಣಾದ್ರೆ ದೂರ ಹತ್ತಿರ ಗೊತ್ತಾಗಲ್ಲವಂತೆ. ಅಭ್ಯಾಸ ಆಗುತ್ತಂತೆ," ಎಂದಿರಿ. ನಾನು ಬೇಗ ಎದ್ದುಬಂದೆ. ಆ ವಾರವೇ ಬೀರುವಿನಿಂದ ಕನ್ನಡಕ ತೆಗೆದು ಹಾಕಿಕೊಂಡೆ. ಯಾರೂ ಏನೂ ಅನ್ನಲಿಲ್ಲ. ಹುಡುಗರು ಎರಡು ದಿನ ನೋಡಿದರು, ಮರೆತರು. ಸುಬ್ಬಣ್ಣ, "ಈಗ ಮೇಷ್ಟ್ರ ಹಾಗೆ ಕಾಣ್ತೀರಿ" ಎಂದರು, ಅಷ್ಟೇ. ಇಷ್ಟಕ್ಕೋಸ್ಕರ — ಆದರೆ ಇದನ್ನು ಮುಂದುವರಿಸಿ ಪ್ರಯೋಜನವಿಲ್ಲ.

ನೀವು ಕೆಲವು ವರ್ಷ ಪಾರ್ಕಿಗೆ ಬರಲಿಲ್ಲ. ಎಂಬತ್ತರ ದಶಕದ ನಡುವೆ ಒಂದು ವಸಂತದಲ್ಲಿ, ಹೊಂಗೆ ಮತ್ತೆ ಚಿಗುರಿದಾಗ, ನೀವಾಗಿಯೇ ಬಂದಿರಿ. ಹೊಳೆ ಆಗ ಪೂರ್ತಿ ಚರಂಡಿಯಾಗಿತ್ತು. ಗುಂಪಿನಲ್ಲಿ ನಾಲ್ಕೇ ಜನ ಉಳಿದಿದ್ದೆವು. ನೀವು ಬಂದದ್ದು ನನಗೆ ಸಂತೋಷವಾಯಿತೇ, ಭಯವಾಯಿತೇ? ಎರಡೂ ಎನ್ನಬೇಕು. ನಿಮ್ಮ ಬಲಗಣ್ಣು ಯಾವ ಕಡೆ ತಿರುಗಿದರೂ ನಾನು ಆ ಕಡೆ ನೋಡುತ್ತಿದ್ದೆ. ಆಸ್ಪತ್ರೆಯಲ್ಲಿ ನಿಮಗೆ ಹೇಳಿಯೇ ಕಳಿಸಿದ್ದರು: ಚುಕ್ಕೆ ಹಾರಿದರೆ ತಕ್ಷಣ ಬನ್ನಿ ಎಂದು. ನೀವೋ, "ನನಗೆ ಆಗ್ಲೂ ಚುಕ್ಕೆ ಗಿಕ್ಕೆ ಏನೂ ಬರ್ಲಿಲ್ಲ, ನೇರ ಪರದೆ ಬಿತ್ತು" ಎಂದೇ ನಂಬಿದ್ದಿರಿ. ನಿಮಗೆ ಚುಕ್ಕೆ ಹೇಗಿರುತ್ತದೆಂದು ತಿಳಿಯುವ ದಾರಿಯನ್ನೇ ನಾನು ಮುಚ್ಚಿದ್ದೆ. ಆದ್ದರಿಂದ ಕಾಯುತ್ತಿದ್ದೆ. ಬಾಯಿಬಿಟ್ಟು ಹೇಳುವ ಬದಲು ಕಾಯುವುದು — ಅದನ್ನು ಪ್ರಾಯಶ್ಚಿತ್ತ ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಅದೇ ಬಿಳಿಚು ಆಕಾಶ. ನೀವು ನಿಂತಿರಿ.

"ಮೇಷ್ಟ್ರೇ, ಬಾನಾಡಿ! ಎಷ್ಟು ವರ್ಷ ಆಯ್ತು ನೋಡಿ. ಕಾಣ್ತಿದೆಯಾ?"

ಕನ್ನಡಕದೊಳಗಿಂದ ಆಕಾಶವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದೆ. ಏನೂ ಇರಲಿಲ್ಲ.

"ಆ ಮರದ ಕಡೆ ನೋಡಿ," ಎಂದೆ. "ಈಗ ಎಲ್ಲಿದೆ?"

"ಮರದ ಹತ್ರವೇ ಬಂತು."

"ಕೆಳಗೆ ನೋಡಿ. ಬೆಂಚು ನೋಡಿ."

ನೀವು ಬೆಂಚು ನೋಡಿದಿರಿ. "ಬೆಂಚಿನ ಮೇಲೂ ಹಾರ್ತಿದೆ," ಎಂದಿರಿ, ಬಹಳ ಮೆಲ್ಲಗೆ.

"ನನಗೆ ಕಾಣ್ತಿಲ್ಲ ವಿಮಲಾ ಅವರೇ. ಅಲ್ಲಿ ಹಕ್ಕಿ ಇಲ್ಲ. ನಡೀರಿ."

ನಿಮ್ಮನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದೆ. ಆಟೋದವನು ಮೀಟರಿಗೆ ಜಗಳ ತೆಗೆದಾಗ ಅವನ ಮೇಲೆ ಕೂಗಾಡಿದೆ. ಭಾನುವಾರ ದೊಡ್ಡ ಡಾಕ್ಟರಿಲ್ಲ, ನಾಳೆ ಬನ್ನಿ ಎಂದವರ ಮುಂದೆ ನೆಲದ ಮೇಲೆ ಕೂತುಬಿಟ್ಟೆ. ಕೊನೆಗೆ ಯಾರನ್ನೋ ಕರೆಸಿದರು. ಬಲಗಣ್ಣಿನ ಒಳಪರದೆಯಲ್ಲಿ ಸಣ್ಣ ಹರಕು, ಕಳಚಿರಲಿಲ್ಲ. ಹರಿದ ಅಂಚನ್ನು ಬೆಸೆದರು. ಇನ್ನು ಸ್ವಲ್ಪ ದಿನ ತಡವಾಗಿದ್ದರೆ ಇದೂ ಹೋಗುತ್ತಿತ್ತೆಂದರು. ಸುದ್ದಿ ಕೇಳಿ ಬಂದ ಗೋಪಾಲರಾಯರು ನನ್ನ ಎರಡು ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. "ನಿಮಗೆ ಹೆಂಗೆ ಹೊಳೀತು ಮೇಷ್ಟ್ರೇ?" ಎಂದು ಕೇಳಿದರು.

ಹೇಗೆ ಹೊಳೆಯಿತು! ಅಲ್ಲಿ ಬಾಗಿಲು ಪೂರ್ತಿ ತೆರೆದಿತ್ತು. ಇನ್ನು ಹೇಳಿದರೆ ಯಾರಿಗೂ ನಷ್ಟವಿರಲಿಲ್ಲ, ನನ್ನ ಹೊರತು. ನಾನು, "ಎಲ್ಲೋ ಓದಿದ್ದೆ" ಎಂದೆ. ನಾಲ್ಕನೆಯ ಸುಳ್ಳು ಎಷ್ಟು ಸುಲಭವಾಗಿ ಬಂತು!

ಆಮೇಲೆ ನಮ್ಮ ಹಕ್ಕಿ ಗುಂಪಿನವರೇ ಸೇರಿ, ಯಾರದೋ ಮನೆಯ ಮಹಡಿಯ ಮೇಲೆ, ನನಗೆ ಶಾಲು ಹೊದಿಸಿದರು. ನೀವು ಮಾತಾಡಿದಿರಿ. ಸುಬ್ಬಣ್ಣ, "ಮೇಷ್ಟ್ರ ಕಣ್ಣು ಹದ್ದಿನ ಕಣ್ಣು, ಇಲ್ಲದ ಹಕ್ಕಿನೂ ಕಾಣುತ್ತೆ" ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ಅವರಿಗೆ ಏನಾದರೂ ಗೊತ್ತಿತ್ತೇ? ಮೊದಲ ದಿನ ಅವರೂ ಅದೇ ಆಕಾಶ ನೋಡಿದವರಲ್ಲವೇ. ಕೇಳುವ ಧೈರ್ಯವಾಗಲಿಲ್ಲ, ಅವರೂ ಹೋಗಿಬಿಟ್ಟರು. ಆ ಶಾಲನ್ನು ಮನೆಗೆ ತಂದೆ. ನನ್ನ ಹೆಂಡತಿ ಮಡಚಿ ಟ್ರಂಕಿನಲ್ಲಿಟ್ಟಳು. ಅವಳಿಗೂ ಹೇಳಲಿಲ್ಲ.

ಎಷ್ಟು ಯುಗಾದಿಗಳು ಬಂದವು. ಪ್ರತಿ ಸಲ ನಿಮ್ಮ ಕೈಯ ಒಬ್ಬಟ್ಟು ತಿಂದೆ. ಈ ವರ್ಷ ಹೇಳುತ್ತೇನೆ ಎಂದುಕೊಂಡೇ ತಿಂದೆ. ಹೇಳುವುದು ಬೇಡವೆನ್ನಲು ಕಾರಣವೂ ಸಿಗುತ್ತಿತ್ತು — ನಿಮ್ಮ ಸಂತೋಷ ಯಾಕೆ ಕೆಡಿಸಬೇಕು, ಆದದ್ದು ಆಯಿತು, ಒಂದು ಕಣ್ಣಿಗೆ ಒಂದು ಕಣ್ಣು ಸರಿಹೋಯಿತು. ಹೀಗೆ ಲೆಕ್ಕ ಹಾಕಿದವನು ನಾನೇ ಎಂದು ನಂಬಲು ಈಗ ಕಷ್ಟವಾಗುತ್ತದೆ. ಕಣ್ಣು ನಿಮ್ಮದು, ಸರಿಹೋಯಿತೆನ್ನಲು ನಾನು ಯಾರು?

ಹೋದ ವರ್ಷ ಗೋಪಾಲರಾಯರು ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಊಟವಾದ ಮೇಲೆ ನೀವು ನನ್ನ ಪಕ್ಕದ ಕುರ್ಚಿಯಲ್ಲಿ ಬಂದು ಕೂತಿರಿ. ಅಡುಗೆಯವರು ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಯಾಕೆ ಆ ಮಾತು ತೆಗೆದಿರೋ ತಿಳಿಯದು.

"ಕೊನೇವರೆಗೂ ಅದನ್ನೇ ಅಂತಿದ್ರು ಮೇಷ್ಟ್ರೇ. ನಾನು ಕೆಲಸ ಬಿಡಿಸಿದ್ದಿದ್ರೆ ನಿನ್ನ ಕಣ್ಣು ಇರ್ತಿತ್ತು ವಿಮಲಾ, ಮನೆ ಆಸೆಗೆ ನಿನ್ನ ಕಣ್ಣು ಮಾರಿದೆ ಅಂತ. ಎಷ್ಟು ಹೇಳಿದ್ರೂ ಕೇಳ್ತಿರ್ಲಿಲ್ಲ. ಈ ಮನೇಲಿ ಒಂದು ದಿನ ನೆಮ್ಮದಿಯಾಗಿ ಮಲಗ್ಲಿಲ್ಲ ಅವರು."

ನಿಮ್ಮ ಕಣ್ಣಿನ ಬಗ್ಗೆ ಮಾತ್ರ ಯೋಚಿಸುತ್ತ ಇಷ್ಟು ವರ್ಷ ಕಳೆದವನಿಗೆ, ನನ್ನ ತಪ್ಪನ್ನು ಇನ್ನೊಬ್ಬ ಮನುಷ್ಯ ತನ್ನದೆಂದುಕೊಂಡು ಹೊತ್ತು ತಿರುಗುತ್ತಿದ್ದಾನೆಂಬುದು — ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಾರಿಡಾರಿನಲ್ಲಿಯೇ ಗೊತ್ತಿತ್ತು. ಅವರು ಪಾರ್ಕಿಗೆ ಬರುವುದನ್ನು ಬಿಟ್ಟದ್ದು, ಆ ಹೊಸ ಮನೆಯ ಗೃಹಪ್ರವೇಶದಲ್ಲಿ ಮೂಲೆಯಲ್ಲಿ ನಿಂತದ್ದು, ಎಲ್ಲ ನೋಡಿದ್ದೆ. ನೋಡಿದ್ದನ್ನು ನೋಡಲಿಲ್ಲವೆಂದೂ, ನೋಡದ್ದನ್ನು ನೋಡಿದೆನೆಂದೂ ಬದುಕಿದೆ. ಇದರಲ್ಲಿ ಯಾವುದು ಹೆಚ್ಚಿನ ತಪ್ಪೆಂದು ತೂಗುತ್ತ ಕೂತರೆ ಇನ್ನೊಂದು ಯುಗಾದಿ ಬರುತ್ತದೆ.

ನಿಜ ಹೇಳಬೇಕೆಂದರೆ, ಹೇಳುವುದರಿಂದ ನಿಮಗೆ ಒಳ್ಳೆಯದಾಗುತ್ತದೋ ಇಲ್ಲವೋ ನನಗೆ ತಿಳಿಯುತ್ತಿಲ್ಲ. ರಾಯರು ಇದ್ದಾಗ ಹೇಳಿದ್ದರೆ ಒಬ್ಬರಿಗಾದರೂ ನಿದ್ದೆ ಬರುತ್ತಿತ್ತು. ಈಗ ಹೇಳಿದರೆ ನಿಮಗೆ ಅವರ ಮೇಲೆ ಇನ್ನಷ್ಟು ಮರುಕ, ನನ್ನ ಮೇಲೆ ಅಸಹ್ಯ — ಇವೆರಡೇ ಸಿಗಬಹುದು. ಆದರೂ ಅವು ನಿಮ್ಮವು. ಇಷ್ಟು ದಿನ ನಾನು ಇಟ್ಟುಕೊಂಡಿದ್ದೆ.

ಈ ಹಾಳೆಗಳನ್ನು ನಿಮಗೆ ಓದಲು ಕೊಡುವುದಿಲ್ಲ. ಉಳಿದಿರುವ ಒಂದು ಕಣ್ಣಿಗೆ ನನ್ನ ಅಕ್ಷರದ ಕೆಲಸ ಹಚ್ಚಲಾರೆ. ನಾಳೆ ಬೆಳಿಗ್ಗೆ ನಾನೇ ಶ್ರೀನಗರಕ್ಕೆ ಬರುತ್ತೇನೆ. ನಿಮ್ಮ ಮೊಮ್ಮಗಳು ಬಾಗಿಲು ತೆಗೆದು "ಅಜ್ಜೀ, ಮೇಷ್ಟ್ರು ತಾತ ಬಂದ್ರು" ಎಂದು ಕೂಗುತ್ತಾಳೆ. ನೀವು ಎಂದಿನಂತೆ, "ಕೂತ್ಕೊಳ್ಳಿ, ಮೊದ್ಲು ಕಾಫಿ ತರ್ತೀನಿ" ಎಂದು ಒಳಗೆ ಹೊರಡುತ್ತೀರಿ. ನಾನು ಕೂರುವುದಿಲ್ಲ. ನೀವು ಡಿಕಾಕ್ಷನ್ ಬಗ್ಗಿಸುವ ಮೊದಲೇ, ಹೊಸ್ತಿಲ ಈಚೆ ನಿಂತೇ ಹೇಳುತ್ತೇನೆ. ಆಮೇಲೂ ನನಗೆ ಕಾಫಿ ಕೊಡಬೇಕೋ ಬೇಡವೋ, ಅದು ನಿಮಗೆ ಬಿಟ್ಟದ್ದು.